ಗೌಳದ ರಿಷಭಕ್ಕೊಂದು ಮನೆ

ಥೈರಾಯ್ಡ್ ಆಪರೇಷನ್ ಆದಮೇಲೆ ನನ್ನ ಹೆಂಡತಿಗೆ ದನಿ ಮರಳಲಿಲ್ಲ. ಮಾತು ಪಿಸುದನಿಯಲ್ಲಿ ಬರುತ್ತಿತ್ತು. ಹಾಡು ಬರುತ್ತಲೇ ಇರಲಿಲ್ಲ. ದೆಹಲಿಯ ಮಯೂರ್ ವಿಹಾರದ ನಮ್ಮ ಫ್ಲಾಟಿನಲ್ಲಿ ಅವಳು ವರ್ಷಗಟ್ಟಲೆ ಕರ್ನಾಟಕ ಸಂಗೀತ ಕಲಿಸಿದ್ದಳು. ಒಬ್ಬೊಬ್ಬರಾಗಿ ಮಕ್ಕಳು ಪಾಠ ಬಿಟ್ಟು, ಕೊನೆಗೆ ಎದುರು ಬ್ಲಾಕಿನ ಕಾಲೇಜು ಹುಡುಗಿಯೊಬ್ಬಳೇ ಉಳಿದಳು.

ನಾನು ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಸುಮ್ಮನೆ ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. ಹಾಡುವ ಬದಲು ನುಡಿಸಿ ಕಲಿಸಲು ಹಾರ್ಮೋನಿಯಂ ತರೋಣವೆಂದರೆ, "ಅದ್ರಲ್ಲಿ ಗೌಳದ ರಿಷಭ ಎಲ್ಲಿದೆ ರೀ?" ಎಂದಳು. ಗೌಳ ರಾಗದ ರಿ ಬೇರೆ ರಾಗಗಳದ್ದಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಹಾರ್ಮೋನಿಯಂನ ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ, ಜೇನುಗೂಡಿನಂತೆ ಆರು ಮೂಲೆಯ ಮನೆಗಳನ್ನು ಜೋಡಿಸಿದ ಕೀಬೋರ್ಡಿನ ಚಿತ್ರ ಸಿಕ್ಕಿತು. ಅಷ್ಟೊಂದು ಮನೆಗಳಿದ್ದರೆ ಸ್ವರಗಳ ನಡುವಿನ ಸ್ವರಗಳಿಗೂ ಜಾಗವಾದೀತು. ನಮ್ಮ ವರ್ಕ್‌ಶಾಪಿನಲ್ಲಿ ಅಕ್ರಿಲಿಕ್ ಕತ್ತರಿಸಿ, ಕಂಪ್ಯೂಟರಿಗೆ ತಂತಿ ಎಳೆದು, ಅಂಥದ್ದೇ ಒಂದನ್ನು ಮಾಡಿದೆ.

ಆ ಚಳಿಗಾಲ ಪೂರ್ತಿ ಸಂಜೆ ಚಹಾ ಆದೊಡನೆ ಇಬ್ಬರೂ ಅದರ ಮುಂದೆ ಕೂರುತ್ತಿದ್ದೆವು. ಅವಳು ತಂಬೂರಿ ಮೀಟುತ್ತ ಕಿವಿಗೊಟ್ಟು, ಇನ್ನೂ ಕೆಳಗೆ ಎಂದು ಬೆರಳಲ್ಲಿ ತೋರಿಸುತ್ತಿದ್ದಳು. ನಾನು ಕಂಪ್ಯೂಟರಿನಲ್ಲಿ ಒಂದೊಂದೇ ಮನೆಯ ಶ್ರುತಿ ಇಳಿಸುತ್ತಿದ್ದೆ. ರಿಷಭವೊಂದಕ್ಕೇ ಮೂರು ಮನೆ, ಗಾಂಧಾರಕ್ಕೆ ನಾಲ್ಕು. ಹತ್ತಿರದ ಸ್ವರಗಳು ಅಕ್ಕಪಕ್ಕ ಇರಬೇಕೋ, ಒಂದು ರಾಗದವು ಒಂದೇ ಸಾಲಿನಲ್ಲಿರಬೇಕೋ ತಿಳಿಯದೆ ಮೂರು ಸಲ ಎಲ್ಲವನ್ನೂ ಅಳಿಸಿ ಜೋಡಿಸಿದೆವು. ಗೌಳದ ರಿಷಭ ಸಿಕ್ಕಿದ ಸಂಜೆ ಅವಳು ಅದನ್ನು ಒತ್ತಿ ಹಿಡಿದೇ ಕೂತಿದ್ದಳು. ಗೆದ್ದೆ ಅಂದುಕೊಂಡೆ.

ಭಾನುವಾರ ಹುಡುಗಿ ಬಂದಳು. ಹೆಂಡತಿ ನುಡಿಸಿದಳು, ಹುಡುಗಿ ಹಾಡಿದಳು. ನಾಲ್ಕು ಸಾಲಿಗೇ ನಿಲ್ಲಿಸಿ, "ಆಂಟಿ, ಸ್ವರ ಏಕ್‌ದಮ್ ಕರೆಕ್ಟ್ ಇದೆ. ಲೇಕಿನ್ ಒಂದರಿಂದ ಇನ್ನೊಂದಕ್ಕೆ ಹೋಗೋದು ಹೇಗೆ ಅಂತ ಗೊತ್ತಾಗ್ತಿಲ್ಲ. ನೀವು ಹಾಡಿದ್ರೆ ಗೊತ್ತಾಗ್ತಿತ್ತು" ಎಂದಳು.

ಅವಳು ಹೋದಮೇಲೆ ನಾನು, "ಸ್ವರ ಜಾರೋ ಹಾಗೆ ಮಾಡ್ತೀನಿ, ಪ್ರೋಗ್ರಾಂ ಬದಲಾಯಿಸ್ತೀನಿ" ಎಂದೆ.

"ಬೇಡ ರೀ," ಎಂದಳು ಹೆಂಡತಿ. "ಅವಳು ಹೇಳಿದ್ದು ನಂಗೆ ಮೊದಲ್ನೇ ವಾರಾನೇ ಗೊತ್ತಿತ್ತು. ನಿಮ್ಮ ಮುಖ ನೋಡಿ ಸುಮ್ನಿದ್ದೆ. ದಿನಾ ಆ ಸ್ವರ ಕೇಳ್ಕೊಂಡು, ಬಾಯಿ ಮುಚ್ಕೊಂಡು ಕೂತ್ಕೊಳ್ಳೋದು... ಇನ್ನು ಆಗಲ್ಲ."

ನಾನು ಕಂಪ್ಯೂಟರ್ ಆರಿಸಿದೆ.

ಮುಂದಿನ ವಾರ ಅವಳೇ ಹುಡುಗಿಯನ್ನು ಕಿದ್ವಾಯಿ ನಗರದ ಇನ್ನೊಬ್ಬ ಟೀಚರ್ ಹತ್ತಿರ ಸೇರಿಸಲು ಹೊರಟಳು. ಅವಳ ಮಾತು ಅಲ್ಲಿ ಯಾರಿಗೂ ಕೇಳಿಸಲಿಕ್ಕಿಲ್ಲವೆಂದು ನಾನೂ ಜೊತೆಗೆ ಹೋದೆ. ನಾವು ಹೊರಬಂದಾಗ ಒಳಗೆ ಪಾಠ ಶುರುವಾಗಿ, ಹುಡುಗಿಯ ಹಾಡು ಮೆಟ್ಟಿಲವರೆಗೂ ಕೇಳುತ್ತಿತ್ತು. "ಚಲೋ, ಹೋಗೋಣ," ಎಂದು ಅವಳು ಬೇಗಬೇಗ ಇಳಿದಳು. ಬಸ್ ಸ್ಟಾಪಿನಲ್ಲಿ ತುಂಬ ಹೊತ್ತು ನಿಂತೆವು. ಮನೆಗೆ ಇನ್ನು ಪಾಠಕ್ಕೆ ಬರುವವರು ಯಾರೂ ಇರಲಿಲ್ಲ. ನಮ್ಮ ಕಡೆಯ ಎರಡು ಬಸ್ ಬಂದವು. ಅವಳು ಹತ್ತಲಿಲ್ಲ, ನಾನೂ ಕರೆಯಲಿಲ್ಲ.