ತಾಂಡೇಲರ ಕಲ್ಲಿನ ಪಟ್ಟಿ ಮತ್ತು ಶೈಲಕ್ಕನ ಪೆಂಟಿಯಂ ತ್ರೀ

ಮಾದೇವಣ್ಣ ಗೋಣಿಚೀಲದಲ್ಲಿ ಕಂಪ್ಯೂಟರ್ ತಂದು ಭಟ್ಕಳದ ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟರು. 2009ರ ಮಳೆಗಾಲ. ಮೀನುಗಾರಿಕೆ ನಿಷೇಧ ಮುಗಿಯಲು ನಾಲ್ಕೇ ದಿನ ಇತ್ತು.

ಅವರು ಕಡಲ ತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟಿನ ತಾಂಡೇಲರು, ಬೋಟು ನಡೆಸುವವರು. ಕಡಲ ತಳದಲ್ಲಿ ಎಲ್ಲೆಲ್ಲಿ ಕಲ್ಲಿಗೆ ಬಲೆ ಸಿಕ್ಕಿ ಹರಿಯುತ್ತದೆ ಎಂಬುದನ್ನು ತಾಂಡೇಲರು ಜಿಪಿಎಸ್ ಅಂಕಿಗಳಲ್ಲಿ ಬರೆದಿಡುತ್ತಾರೆ. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ತೋರಿಸುವ ಕ್ರಮವಿಲ್ಲ.

ಬೋಟಿಗೆ ನೀರು ನುಗ್ಗಿ ಅವರ ಪುಸ್ತಕವೂ ಹೋಗಿತ್ತು, ಜಿಪಿಎಸ್ಸೂ ಹೋಗಿತ್ತು. ಉಳಿದದ್ದು ಹತ್ತು ವರ್ಷದ ಹಿಂದೆ ಮಗಳು ಲತಾ ಈ ಹಳೇ ಕಾಲದ 486 ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟ ಪ್ರತಿ ಮಾತ್ರ.

"ಎಂತಾದ್ರೂ ಮಾಡಿ ತೆಗ್ದುಕೊಡು ತಮಾ. ಇಲ್ದಿದ್ರೆ ಹೊಸ ಬಲೆ ಕಲ್ಲಿಗೆ ಕೊಟ್ಟ ಹಾಗೇ ಆತು."

ಬಿಚ್ಚಿ ನೋಡಿದೆ. ಉಪ್ಪುಗಾಳಿಗೆ ಮದರ್‌ಬೋರ್ಡ್ ಹಸಿರುಗಟ್ಟಿತ್ತು. ಆದರೆ ಹಾರ್ಡ್ ಡಿಸ್ಕ್‌ಗೆ ಕರೆಂಟ್ ಕೊಟ್ಟಾಗ ಅದು ತಿರುಗಿದ ಸದ್ದು ಬಂತು. ಇನ್ನೇನು, ಹತ್ತು ನಿಮಿಷದ ಕೆಲಸ ಎಂದುಕೊಂಡೆ...

ಆದರೆ ಆ ಡಿಸ್ಕ್‌ಗೆ ಬೇಕಾದದ್ದು ಎರಡು ಇಂಚು ಅಗಲದ ಪಟ್ಟಿ ಕೇಬಲ್. ನನ್ನ ಹೊಸ ಮಷಿನ್‌ನಲ್ಲಿ ಇದ್ದದ್ದು ಕಿರುಬೆರಳಿನಷ್ಟು ಸಪೂರದ್ದು. ಯುಎಸ್‌ಬಿ ಕನ್ವರ್ಟರ್ ಆ ಹಳೆಯ ಡಿಸ್ಕನ್ನು ಗುರುತಿಸಲೇ ಇಲ್ಲ.

ಬೇಕಿದ್ದದ್ದು ನಡುವಿನ ತಲೆಮಾರಿನ ಯಂತ್ರ. ಅಗಲ ಕೇಬಲ್ಲೂ ಹಿಡಿಸಬೇಕು, ಪೆನ್ ಡ್ರೈವೂ ಓದಬೇಕು. ಅಂಥ ಮೂರು ಪೆಂಟಿಯಂ ತ್ರೀಗಳನ್ನು ನಾನೇ ಆ ಬೇಸಿಗೆಯಲ್ಲಿ ಗುಜರಿಗೆ ಹಾಕಿದ್ದೆ!

ಕುಮಟಾದ ಗೆಳೆಯನಿಗೆ ಫೋನ್ ಮಾಡಿದೆ. ಅವನದೂ ಗುಜರಿಗೇ ಹೋಗಿತ್ತು.

ಕೊನೆಗೆ ಹೊನ್ನಾವರದಲ್ಲಿ ಟೈಪಿಂಗ್ ಕ್ಲಾಸ್ ನಡೆಸುವ ಶೈಲಕ್ಕ ನೆನಪಾದರು. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಮಾದೇವಣ್ಣ ಅದನ್ನು ಮಡಿಲಿನಿಂದ ಇಳಿಸಲಿಲ್ಲ.

ಶೈಲಕ್ಕ ನನ್ನನ್ನು ನೋಡಿದ್ದೇ ತಡ, "ಬಾ ಬಾ! ಹಳೇದು ಗುಜರಿಗೆ ಹಾಕು ಹೇಳಿ ಮೂರು ಸಲ ಹೇಳಿದವ ನೀನೇ ಅಲ್ದಾ? ಈಗ ಎಂತಕ್ಕೆ ಬಂದದ್ದು?"

ಟವೆಲ್ ಬಿಚ್ಚಿ ಡಿಸ್ಕ್ ತೋರಿಸಿದೆ. ಅವರು ಕಪಾಟಿನ ಬಾಗಿಲು ತೆಗೆದರು. ಒಳಗೆ ಪೆಂಟಿಯಂ ತ್ರೀ, ಅದರ ಪಕ್ಕದಲ್ಲಿ ಸಣ್ಣ ಬಲ್ಬ್ ಉರಿಯುತ್ತಿತ್ತು. ಮಳೆಗಾಲ ಪೂರ್ತಿ ಆ ಬಿಸಿಯಲ್ಲೇ ಅವರು ಯಂತ್ರವನ್ನು ಪಸೆ ತಾಗದಂತೆ ಕಾಪಾಡಿದ್ದರು.

ಕೇಬಲ್ ಹಾಕಿ ಆನ್ ಮಾಡಿದೆ. ಡಿಸ್ಕ್ ಕಾಣಿಸಿತು. ಲತಾಳ ಹೆಸರಿನ ಫೈಲೂ ಇದೆ.

ತೆರೆಯುವ ಮೊದಲು ಮಾದೇವಣ್ಣ ಕೈ ಅಡ್ಡ ಹಿಡಿದರು. "ಇಬ್ರೂ ಸ್ವಲ್ಪ ಆಚೆ ತಿರುಗಿ."

"ನಾನೆಂತ ಬಲೆ ಹಾಕೂಕೆ ಹೋಗ್ತೆನಾ ಮಾರಾಯ್ರೇ?" ಎನ್ನುತ್ತಲೇ ಶೈಲಕ್ಕ ತಿರುಗಿದರು. ಅವರದೇ ಕ್ಲಾಸಿನಲ್ಲಿ, ಅವರದೇ ಕಂಪ್ಯೂಟರಿಗೆ ಬೆನ್ನು ಹಾಕಿ, ಇಬ್ಬರೂ ಗೋಡೆ ನೋಡುತ್ತಾ ನಿಂತಿದ್ದೇವೆ.

ಹಿಂದಿನಿಂದ ಪಿಸುಗುಟ್ಟುವ ಸದ್ದು. ಒಂದೊಂದೇ ಅಂಕಿ ಓದುತ್ತಿದ್ದಾರೆ... ಆಮೇಲೆ ಜೋರಾಗಿಯೇ, "ಅದೆ! ನೇತ್ರಾಣಿ ದ್ವೀಪದ ಆಚಿನ ಕಲ್ಲೂ ಅದೆ!"

ಹತ್ತು ವರ್ಷ ಹಳೆಯ ಪಟ್ಟಿ ಈಗ ನಡೆಯುತ್ತದಾ ಎಂದು ಕೇಳಿದೆ.

"ಕಂಪ್ಯೂಟರ್ ಬದಲಾಗ್ತದೆ. ಕಲ್ಲು ಎಲ್ಲಿಗೆ ಹೋಗ್ತದೆ ತಮಾ?"

ಪೆನ್ ಡ್ರೈವ್‌ಗೆ ಹಾಕಿ, ಎರಡು ಪ್ರಿಂಟ್ ತೆಗೆದು, ಶೈಲಕ್ಕನ ಯಂತ್ರದಲ್ಲಿ ಏನೂ ಉಳಿದಿಲ್ಲವೆಂದು ತೋರಿಸಿದ ಮೇಲೆಯೇ ಮಾದೇವಣ್ಣ ಚಹಾ ಕುಡಿದದ್ದು. ಬೋಟು ಮೊದಲ ದಿನವೇ ಹೊರಟಿತು. ಬಲೆ ಹರಿಯದೆ ವಾಪಸ್ ಬಂತು.

ಅಂದಿನಿಂದ ಒಂದೊಂದು ತಲೆಮಾರಿನ ಒಂದೊಂದು ಯಂತ್ರ ನನ್ನ ಕಪಾಟಿನಲ್ಲೂ ಇದೆ, ಬಲ್ಬಿನ ಜೊತೆ.

ನಿಮ್ಮ ಮನೆಯ ಹಳೇ ಡಿಸ್ಕನ್ನು ಓದಬಲ್ಲ ಯಂತ್ರ ಈಗ ಯಾರ ಹತ್ತಿರ ಇದೆ, ಗೊತ್ತಾ?