ಪಕ್ಕದ ಹಡಗು

ಬಾಗಿಲ ಬೆಲ್ಲು ಹೊಡೆದುಕೊಂಡರೆ ಪದ್ಮಜಾ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಬಾಗಿಲು ತೆರೆದವಳೇ ಬಂದವರ ಹೆಸರನ್ನು ಒಳಗೆ ಸೋಫಾದಲ್ಲಿ ಕೂತ ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುವಳು.

“ಶಶಿಧರ ಅವರು ಬಂದಿದಾರೆ ರೀ, ರಮಾನೂ ಬಂದಿದಾರೆ. ಫ್ರೀಮಾಂಟಿಂದ ಈ ಟ್ರಾಫಿಕ್ಕಲ್ಲಿ.”

ಅಷ್ಟು ಸಾಕಾಗುತ್ತಿತ್ತು. ತಿರುಮಲೇಶ ಎದ್ದು ಬಂದು, “ಬನ್ನಿ ಶಶಿಧರ, ಫ್ರೀಮಾಂಟ್ ಕಡೆ ಏನು ಸಮಾಚಾರ?” ಎನ್ನುತ್ತಿದ್ದ. ಪದ್ಮಜಾಳ ಹಾಗೆ ಬಾಯ್ತುಂಬ ಕರೆಯುವವರು ಈ ಕಡೆ ಯಾರೂ ಇಲ್ಲ ಎಂದು ಕನ್ನಡ ಕೂಟದಲ್ಲಿ ಮಾತಿತ್ತು. ಹೆಸರು ಹೇಳದೆ ಬಿಟ್ಟರೆ ಏನಾಗುತ್ತದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಇಪ್ಪತ್ತೈದು ವರ್ಷದ ಸ್ನೇಹಿತನನ್ನು ಅವಳ ಗಂಡ ಪಾರ್ಸೆಲ್ ತಂದವನನ್ನು ನೋಡುವ ಹಾಗೆ ನೋಡಿದ್ದನ್ನು ಅವಳು ಒಂದು ಸಲ ಕಂಡಿದ್ದಳು.

ಪದ್ಮಜಾ ಮೈಸೂರಿನವಳು. ಮದುವೆಯಾಗಿ ನಾಲ್ಕು ವರ್ಷಕ್ಕೆ, ಒಂದು ಮಗುವನ್ನು ಎತ್ತಿಕೊಂಡು ಇನ್ನೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಮುದ್ರ ದಾಟಿ ಮಿಲ್ಪಿಟಾಸ್‌ಗೆ ಬಂದವಳು. ಎರಡನೆಯ ಮಗು ಶಾಲೆಗೆ ಹೋಗತೊಡಗಿದ ಮೇಲೆ ಸರ್ಕ್ಯೂಟ್ ಬೋರ್ಡು ತಯಾರಿಸುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಮೈಕ್ರೋಸ್ಕೋಪಿನಡಿ ಬೋರ್ಡು ಇಟ್ಟುಕೊಂಡು ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಹಿಡಿಯಬೇಕು. ಇಪ್ಪತ್ತಮೂರು ವರ್ಷ ಹಿಡಿದಳು. ಸಂಜೆ ಮನೆಗೆ ಬಂದು ಕತ್ತು ನೆಟ್ಟಗಾಗುವ ಮೊದಲೇ ಕುಕ್ಕರ್ ಇಡುತ್ತಿದ್ದಳು. ತಿರುಮಲೇಶ ಚಿಪ್ ಡಿಸೈನ್ ಮಾಡುವ ಇಂಜಿನಿಯರು, ಜಾಣ, ಕೆಟ್ಟ ಮಾತಾಡಿದವನಲ್ಲ. ಅವಳು ತೆಗೆದಿಟ್ಟ ಅವನ ಅಂಗಿ ಹಾಸಿಗೆಯ ಮೇಲೆ ಇರುತ್ತಿತ್ತು, ಮಾತ್ರೆ ಡಬ್ಬಿಯ ಮುಚ್ಚಳದಲ್ಲಿ ಇರುತ್ತಿತ್ತು. ಮಕ್ಕಳ ಟೀಚರುಗಳ ಹೆಸರು, ಇನ್ಶೂರೆನ್ಸ್ ನಂಬರು, ಕಸದ ಡಬ್ಬ ಹೊರಗಿಡುವ ವಾರ ಎಲ್ಲವೂ ಅವಳ ತಲೆಯಲ್ಲಿ ಇರುತ್ತಿತ್ತು.

ಹೀಗಿದ್ದ ಮನೆಯಲ್ಲಿ ಮರೆವು ಬಂದು ಸೇರಿದರೆ ಅದು ಕಾಣಿಸುವುದಾದರೂ ಎಲ್ಲಿ? ಸಕ್ಕರೆ ಡಬ್ಬ ಎಲ್ಲಿ ಎಂದು ಅವನು ಈಗ ಕೇಳುತ್ತಿದ್ದ. ಮೊದಲೂ ಕೇಳುತ್ತಿದ್ದ. ಮರೆತು ಕೇಳುತ್ತಿದ್ದಾನೋ, ಎಂದೂ ತಿಳಿದುಕೊಂಡಿರಲಿಲ್ಲವೆಂದು ಕೇಳುತ್ತಿದ್ದಾನೋ ಹೇಳುವುದು ಹೇಗೆ? ತನಗೇ ಖಾತ್ರಿಯಾಗಲು ಪದ್ಮಜಾಗೆ ಏಳೆಂಟು ತಿಂಗಳು ಹಿಡಿಯಿತು. ಒಂದು ಮಧ್ಯಾಹ್ನ ಅವನು ಅರ್ಧ ಮೈಲಿ ದೂರದ ಇಂಡಿಯನ್ ಗ್ರೋಸರಿಗೆಂದು ಕಾರು ತೆಗೆದುಕೊಂಡು ಹೋದವನು, ಎರಡು ಗಂಟೆಯ ಮೇಲೆ ನಲವತ್ತು ಮೈಲಿ ಆಚೆ ಗಿಲ್‌ರಾಯ್‌ನ ಔಟ್‌ಲೆಟ್ ಅಂಗಡಿಗಳ ಮುಂದೆ ನಿಂತು ಮಗನಿಗೆ ಫೋನ್ ಮಾಡಿದ. ಮಗ ಸುಘೋಷ್ ಅಲ್ಲೇ ಮನೆ ಮಾಡಿಕೊಂಡಿದ್ದ. ಹೋಗಿ ಕರೆದುಕೊಂಡು ಬಂದು ಅಮ್ಮನಿಗೆ ಖುಷಿಯಿಂದ ಹೇಳಿದ: “ಅಪ್ಪ ಫಸ್ಟ್ ಟೈಮ್ ತಾನಾಗೇ ನನ್ನ ನೋಡಕ್ಕೆ ಬಂದಿದಾರೆ ಅಮ್ಮ. ಸರ್‌ಪ್ರೈಸ್ ಮಾಡಿದ್ರು.”

ಅಂದಿನಿಂದ ಫ್ರೀವೇ ಮೇಲೆ ಕಾರು ಓಡಿಸುವವಳು ಪದ್ಮಜಾ ಆದಳು. ಒಲೆಯ ತಿರುಪುಗಳನ್ನು ಕಿತ್ತು ಅಡಿಗೆ ಮುಗಿದ ಮೇಲೆ ಡ್ರಾದಲ್ಲಿ ಇಡತೊಡಗಿದಳು. ಮಗಳು ತನ್ವಿ ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಅವಳ ಕಿವಿಗೆ ಒಂದು ಸಲ ಹಾಕಿ ನೋಡಿದಳು.

“ನಿಮ್ಮಪ್ಪಂಗೆ ಈಚೆಗೆ ಏನೂ ನೆನಪಿರಲ್ಲ ಕಣೆ.”

“ಅಮ್ಮ, ಅಪ್ಪಂಗೆ ಯಾವಾಗ ನೆನಪಿತ್ತು? ನನ್ನ ಬರ್ತ್‌ಡೇ ಕೇಳಿ ನೋಡು. ಯೂ ಸ್ಪಾಯಿಲ್ಡ್ ಹಿಮ್.”

ತನ್ವಿ ನಕ್ಕಳು. ಬಾಯಿಬಿಟ್ಟು ಹೇಳಿದ ದಿನ ಅದು ಕಾಯಿಲೆಯಾಗುತ್ತದೆ, ಕಾಯಿಲೆಯಾದ ದಿನ ತಾನು ನರ್ಸ್ ಆಗುತ್ತೇನೆ, ಮಕ್ಕಳು ಭಾನುವಾರ ಬಂದು ಹೇಗೆ ಮ್ಯಾನೇಜ್ ಮಾಡ್ತಿದೀಯಾ ಎಂದು ಕೇಳಿ ಹೋಗುತ್ತಾರೆ ಎಂದು ಪದ್ಮಜಾಗೆ ಅನಿಸಿತ್ತು. ಅದಕ್ಕಿಂತ ಮುಚ್ಚಿಡುವುದೇ ಮೇಲು. ಒಂದು ನಿಮಿಷ ಕಣ್ಣು ತಪ್ಪದ ಹಾಗೆ ನೋಡಿಕೊಂಡರೆ ಆಯಿತು.

ಮದುವೆಯ ನಲವತ್ತನೆಯ ವರ್ಷಕ್ಕೆ ಮಕ್ಕಳು ಈಜಿಪ್ಟಿನ ಟಿಕೆಟ್ಟು ತಂದು ಕೈಯಲ್ಲಿಟ್ಟರು. ನೈಲ್ ನದಿಯ ಮೇಲೆ ಹಡಗಿನಲ್ಲಿ ನಾಲ್ಕು ರಾತ್ರಿ, ಲಕ್ಸರ್‌ನಿಂದ ಆಸ್ವಾನ್‌ವರೆಗೆ ದೇವಸ್ಥಾನ, ಗೋರಿ. ಶಶಿಧರ, ರಮಾ ಕೂಡ ಜೊತೆಗೆ.

“ಬೇಡ ಕಣೋ. ನಿಮ್ಮಪ್ಪಂಗೆ ಅಲ್ಲಿ ಊಟ ಸರಿಹೋಗಲ್ಲ,” ಎಂದಳು.

“ನೋಡಿದ್ಯಾ?” ಎಂದ ಸುಘೋಷ್ ತಂಗಿಗೆ. “ಅಮ್ಮ ಹಿಂಗೇ ಹೇಳ್ತಾಳೆ ಅಂದಿದ್ನಲ್ಲ. ಅಡಿಗೆ ಇಲ್ಲ, ಪಾತ್ರೆ ಇಲ್ಲ. ಸುಮ್ನೆ ಕೂತ್ಕೊಂಡು ನದಿ ನೋಡು ಅಮ್ಮ.”

ಸುಮ್ಮನೆ ಕೂತುಕೊಳ್ಳುವುದು ಸಾಧ್ಯವೇ ಇರಲಿಲ್ಲ. ಮನೆಯಲ್ಲಾದರೆ ಬಾಗಿಲಿಗೆ ಚಿಲಕವಿತ್ತು, ಗೋಡೆಗಳೆಲ್ಲ ಅವನಿಗೆ ಅಭ್ಯಾಸವಾಗಿದ್ದವು. ಹಡಗಿನಲ್ಲಿ ಮೊದಲ ದಿನದಿಂದಲೇ ಪದ್ಮಜಾ ಅವನ ಮೊಣಕೈ ಬಿಡಲಿಲ್ಲ. ಬಫೆಯಲ್ಲಿ ತಟ್ಟೆ ತುಂಬಿ ತಂದಳು. ರೂಮಿನಲ್ಲಿ ಕೆಟಲ್‌ನಿಂದ ಬಿಸಿನೀರು ಸುರಿದು ಅವಲಕ್ಕಿ ನೆನೆಸಿದಳು. ಅವನು ರಾತ್ರಿಯೆಲ್ಲ ಮನೆಗೆ ಹೋಗುವುದು ಯಾವಾಗ ಎಂದು ಕೇಳಿದ. ಎರಡು ದಿನದಲ್ಲಿ ಅವಳು ನಿದ್ದೆ ಮಾಡಿದ್ದು ನಾಲ್ಕು ಗಂಟೆಯಿದ್ದರೆ ಹೆಚ್ಚು. ರಮಾ ಅದನ್ನೇ ನೋಡಿ, “ಸರ್ ಪುಣ್ಯವಂತರು. ಈ ವಯಸ್ಸಲ್ಲೂ ಹನಿಮೂನ್ ಥರ ಕೈ ಹಿಡ್ಕೊಂಡೇ ಓಡಾಡ್ತಾರೆ,” ಎಂದಳು.

ಎರಡನೆಯ ದಿನ ಲಕ್ಸರ್‌ನ ಪಶ್ಚಿಮ ದಡದಲ್ಲಿ ರಾಜರ ಗೋರಿಯೊಂದಕ್ಕೆ ಇಳಿದರು. ಇಳಿಜಾರಿನ ಉದ್ದನೆಯ ಓಣಿ, ಎರಡೂ ಕಡೆ ಗೋಡೆಯ ತುಂಬ ಚಿತ್ರ. ಕೆಳಗೆ ಹೋದಷ್ಟೂ ಗಾಳಿ ದಪ್ಪವಾಗುತ್ತಿತ್ತು. ನಡುವೆ ತಿರುಮಲೇಶ ನಿಂತುಬಿಟ್ಟ.

“ಇದು ಯಾರ ಮನೆ?” ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೇಳಿದ. “ಯಾರೂ ಇಲ್ಲದಿದ್ದಾಗ ಒಳಗೆ ಬಂದಿದೀವಲ್ಲ. ಅವರು ವಾಪಸ್ ಬಂದ್ರೆ?”

ಹಿಂದಿದ್ದವರು ನಕ್ಕರು. ಗೈಡು ಚಪ್ಪಾಳೆ ತಟ್ಟಿದ. “ಸರ್ ಓದಿಕೊಂಡು ಬಂದಿದ್ದಾರೆ. ನಮ್ಮ ಹಿಂದಿನವರು ಗೋರಿಯನ್ನು ಮನೆ ಎಂದೇ ಕರೆಯುತ್ತಿದ್ದರು, ಕೊನೆಯಿಲ್ಲದ ಮನೆ.” ಆಮೇಲೆ ಅವನು ಗೊಂಬೆಗಳ ವಿಷಯ ಹೇಳಿದ. ಸತ್ತವನು ಅಲ್ಲಿಯೂ ಹೊಲದ ಕೆಲಸ ಮಾಡಬೇಕಾಗುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಗೇಣುದ್ದದ ಗೊಂಬೆಗಳನ್ನು ಜೊತೆಯಲ್ಲಿ ಹೂಳುತ್ತಿದ್ದರು. ಯಜಮಾನನನ್ನು ಕೆಲಸಕ್ಕೆ ಕರೆದಾಗಲೆಲ್ಲ ಗೊಂಬೆ ಎದ್ದು ‘ಬಂದೆ’ ಎನ್ನಬೇಕು. ವರ್ಷದ ದಿನಕ್ಕೊಂದರಂತೆ ಮುನ್ನೂರ ಅರವತ್ತೈದು ಗೊಂಬೆ ಇಟ್ಟವರೂ ಇದ್ದರು.

“ಹಂಗಾದ್ರೆ ನಾವು ಹೆಂಗಸರು ಮುಂದಿನ ಜನ್ಮಕ್ಕೆ ರಜಾ ಹಾಕಬಹುದು,” ಎಂದಳು ರಮಾ. “ಶಶೀ, ನಿಮಗೆ ಒಂದು ಬಾಕ್ಸ್ ಗೊಂಬೆ ಕೊಡಿಸ್ತೀನಿ.”

“ಗೊಂಬೆ ಬೈಯಲ್ಲ ತಾನೆ? ಹಂಗಾದ್ರೆ ಎರಡು ಬಾಕ್ಸ್ ತಗೋ,” ಎಂದ ಶಶಿಧರ.

ಪದ್ಮಜಾ ನಗಲಿಲ್ಲ. ತಿರುಮಲೇಶ ಬಂದ ದಾರಿಯ ಕಡೆ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದ. ಅವನು ತಮಾಷೆ ಮಾಡಿರಲಿಲ್ಲ. ಮನೆಯವರು ವಾಪಸ್ ಬರುತ್ತಾರೆಂದು ನಿಜವಾಗಿ ಹೆದರಿದ್ದ.

ನೈಲ್ ಮೇಲೆ ಹಡಗುಗಳನ್ನು ದಡದ ಉದ್ದಕ್ಕೂ ಸಾಲಾಗಿ ನಿಲ್ಲಿಸಲು ಜಾಗವಿರುವುದಿಲ್ಲ. ಒಂದರ ಪಕ್ಕಕ್ಕೆ ಒಂದು ತಾಗಿಸಿ, ಹಗ್ಗದಿಂದ ಕಟ್ಟುತ್ತಾರೆ. ಹೊರಗಡೆಯ ಹಡಗಿನವರು ಉಳಿದ ಹಡಗುಗಳ ಲಾಬಿ ದಾಟಿಕೊಂಡೇ ದಡಕ್ಕೆ ಬರಬೇಕು. ಲಾಬಿಗಳೆಲ್ಲ ಒಂದೇ ಥರ: ಹಿತ್ತಾಳೆ ಕಂಬಿ, ಕೆಂಪು ಕಾರ್ಪೆಟ್ಟು, ಎರಡು ಸೋಫಾ, ಮಹಡಿಗೆ ಮೆಟ್ಟಿಲು. ಲಕ್ಸರ್‌ನಲ್ಲಿ ಅವರ ಹಡಗು ನಾಲ್ಕನೆಯದಾಗಿತ್ತು. ಎರಡು ದಿನ ಮೂರು ಲಾಬಿ ದಾಟಿ ಓಡಾಡಿದ್ದರು.

ಮೂರನೆಯ ದಿನ ಬೆಳಿಗ್ಗೆ ಎಡ್ಫು. ಕುದುರೆ ಗಾಡಿಯಲ್ಲಿ ಹೋಗಿ, ಗಿಡುಗನ ಮುಖದ ದೇವರ ಗುಡಿ ನೋಡಿ ಒಂಬತ್ತು ಗಂಟೆಗೆ ದಡಕ್ಕೆ ಮರಳಿದರು. ಇಲ್ಲಿಯೂ ನಾಲ್ಕು ಹಡಗು ಕಟ್ಟಿದ್ದರು, ಆದರೆ ಅವರದು ದಡಕ್ಕೆ ಅಂಟಿಕೊಂಡ ಮೊದಲನೆಯದು. ದಡದ ಅಂಗಡಿಯಲ್ಲಿ ಹತ್ತಿಯ ಶಾಲು ತೂಗುಹಾಕಿದ್ದರು.

“ಹತ್ತು ನಿಮಿಷ ಬನ್ನಿ ಪದ್ಮಜಾ,” ಎಂದಳು ರಮಾ. “ಬಂದಾಗಿನಿಂದ ನಿಮಗೇ ಅಂತ ಏನೂ ನೋಡಿಲ್ಲ ನೀವು.”

“ಸರ್ ನನ್ನ ಜೊತೆ ಬರ್ತಾರೆ. ಕದ್ಕೊಂಡು ಹೋಗಲ್ಲ ಬಿಡಿ,” ಎಂದ ಶಶಿಧರ.

ಬೇಡ ಎನ್ನಲು ಅವಳ ಹತ್ತಿರ ಕಾರಣವಿರಲಿಲ್ಲ. ಹೇಳಬಹುದಾದ ಒಂದೇ ಕಾರಣವನ್ನು ಎರಡು ವರ್ಷ ಮುಚ್ಚಿಟ್ಟಿದ್ದಳು. ಗಂಡನ ಕಾಲರು ಸರಿಮಾಡಿ, “ಇವರ ಜೊತೆ ಹೋಗಿ ಸೋಫಾ ಮೇಲೆ ಕೂತ್ಕೊಳ್ಳಿ. ನಾನು ಬರೋವರೆಗೂ ಏಳಬೇಡಿ,” ಎಂದಳು. ಅವನು ತಲೆಯಾಡಿಸಿದ. ಶಾಲು ಮೆತ್ತಗಿತ್ತು. ಹತ್ತು ನಿಮಿಷ ಇಪ್ಪತ್ತಾಯಿತು.

ಹಡಗಿಗೆ ಬಂದಾಗ ಲಾಬಿಯ ಸೋಫಾ ಖಾಲಿ. ಶಶಿಧರ ಫೋನ್ ನೋಡುತ್ತ ರಿಸೆಪ್ಷನ್ನಿನ ಬಳಿ ನಿಂತಿದ್ದ. “ನಾನು ಕೀ ಇಸ್ಕೊಂಡು ಬರ್ತೀನಿ, ನೀವು ನಡೀರಿ ಅಂದೆ. ರೂಮಿಗೆ ಹೋಗಿರ್ತಾರೆ.”

ರೂಮಿನಲ್ಲಿ ಇರಲಿಲ್ಲ. ಊಟದ ಹಾಲಿನಲ್ಲಿ, ಮೇಲಿನ ಡೆಕ್ಕಿನಲ್ಲಿ, ಗಂಡಸರ ಟಾಯ್ಲೆಟ್ಟಿನಲ್ಲಿ ಇರಲಿಲ್ಲ. ಆಗ ಅವಳಿಗೆ ಹೊಳೆಯಿತು. ಯಾವುದನ್ನು ಮರೆತರೂ ಅವನ ಕಾಲುಗಳು ಲಕ್ಸರ್‌ನಲ್ಲಿ ಕಲಿತದ್ದನ್ನು ಮರೆತಿರಲಿಕ್ಕಿಲ್ಲ: ಒಂದು ಲಾಬಿ, ಎರಡು ಲಾಬಿ, ಮೂರು, ಆಮೇಲೆ ಮನೆ.

ಪದ್ಮಜಾ ನಡೆದಳು. ಎರಡನೆಯ ಹಡಗಿನ ಲಾಬಿ, ಹಿತ್ತಾಳೆ ಕಂಬಿ, ಕೆಂಪು ಕಾರ್ಪೆಟ್ಟು. ಮೂರನೆಯದು, ಅದೇ ಕಂಬಿ, ಅದೇ ಕಾರ್ಪೆಟ್ಟು. ಅದರ ಆಚೆಯ ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲಿನಾಚೆ ನಾಲ್ಕನೆಯ ಹಡಗು ಇರಲಿಲ್ಲ. ಬರೀ ನೀರಿತ್ತು. ಬಾಗಿಲಿಗೆ ಅಡ್ಡವಾಗಿ ಸೊಂಟದೆತ್ತರಕ್ಕೆ ಒಂದು ಹಗ್ಗ. ಕೆಳಗೆ ಹಸಿರು ನೀರು ಸುಳಿ ತಿರುಗಿ ಹಡಗಿನ ಮೈಗೆ ತಾಗುತ್ತಿತ್ತು. ಹಗ್ಗವನ್ನು ಯಾವಾಗ ಕಟ್ಟಿದರು, ಕಟ್ಟುವ ಮೊದಲೋ ಆಮೇಲೋ ಯಾರಾದರೂ ಇಲ್ಲಿಂದ ಹೋದರೇ ಎಂದು ಅಲ್ಲಿದ್ದ ಕೆಲಸಗಾರನನ್ನು ಕೇಳಿದಳು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವನು ನಕ್ಕು ನೀರಿನ ಕಡೆ ಕೈ ತೋರಿಸಿದ.

ವಾಪಸ್ ಓಡಿಬಂದು ತಮ್ಮ ಹಡಗಿನ ಮ್ಯಾನೇಜರಿಗೆ ವಿಷಯ ಹೇಳಿದಳು. ಅವನು ಸಮಾಧಾನ ಹೇಳಿದ. “ಬೇರೆ ಹಡಗಿಗೆ ಹೋಗಿದ್ದರೆ ಅವರೇ ಹೇಳುತ್ತಾರೆ ಮೇಡಂ. ದೊಡ್ಡವರು, ಓದಿದವರು.”

“ಅವರು ಹೇಳಲ್ಲ,” ಎಂದಳು ಪದ್ಮಜಾ ಇಂಗ್ಲಿಷಿನಲ್ಲಿ. “ಅವರಿಗೆ ಹಡಗಿನ ಹೆಸರು ಗೊತ್ತಿಲ್ಲ. ಯಾವ ದೇಶದಲ್ಲಿದ್ದೀವಿ ಅನ್ನೋದೂ ಗೊತ್ತಿಲ್ಲ. ನನ್ನ ಗಂಡನಿಗೆ ಮರೆವಿನ ಕಾಯಿಲೆ.”

ಪಕ್ಕದಲ್ಲಿದ್ದ ರಮಾ ಅವಳ ತೋಳು ಹಿಡಿದಳು. “ಏನು ಹೇಳ್ತಿದೀರಾ? ನಿನ್ನೆ ಅಷ್ಟು ಚೆನ್ನಾಗಿ ಜೋಕ್ ಮಾಡಿದ್ರಲ್ಲ.”

“ಅದು ಜೋಕ್ ಅಲ್ಲ ರಮಾ.”

ಆಗಲೇ ಹಗ್ಗ ಬಿಚ್ಚಿಕೊಂಡು ಮುಂದಕ್ಕೆ ಹೋಗಿದ್ದ ನಾಲ್ಕನೆಯ ಹಡಗಿನಿಂದ ಉತ್ತರ ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಪದ್ಮಜಾ ಕಿಟಕಿಯ ಬಳಿ ನಿಂತು, ನೀರಿನ ಮೇಲೆ ತೇಲಿಹೋಗುತ್ತಿದ್ದ ಪ್ರತಿಯೊಂದು ಜೊಂಡಿನ ಗಂಟನ್ನೂ ನೋಡುತ್ತಿದ್ದಳು. ಕಡೆಗೆ ಮ್ಯಾನೇಜರ್ ರೇಡಿಯೋ ಕೆಳಗಿಟ್ಟು ಹೆಬ್ಬೆರಳೆತ್ತಿದ. ಲಾಬಿಯಲ್ಲಿ ಒಬ್ಬ ಇಂಡಿಯನ್ ಮುದುಕ ಕೂತಿದ್ದಾರಂತೆ, ಏನು ಕೇಳಿದರೂ ಮುಗುಳ್ನಗುತ್ತಾರಂತೆ. ಮಧ್ಯಾಹ್ನ ಎರಡೂ ಹಡಗು ಕೊಮ್ ಒಂಬೊದಲ್ಲಿ ನಿಲ್ಲುತ್ತವೆ. ಅಲ್ಲಿಯವರೆಗೆ ಏನೂ ಮಾಡುವಂತಿಲ್ಲ.

ಐದು ಗಂಟೆಯ ದಾರಿ. ಊಟದ ಬೆಲ್ಲು ಆಯಿತು, ಅವಳು ಏಳಲಿಲ್ಲ. ಅವನು ಕೂತಲ್ಲೇ ಕೂತಿರುತ್ತಾನೆಯೇ? ಅಲ್ಲಿಯ ಬಾಗಿಲಿಗೆ ಹಗ್ಗ ಇದೆಯೇ? ದಡದ ಖರ್ಜೂರದ ಮರಗಳು ಹಿಂದೆ ಸರಿಯುತ್ತಿದ್ದವು. ಹಡಗು ನಿಂತೇ ಇದೆ ಎನ್ನಿಸುವಷ್ಟು ನಿಧಾನ.

ಕೊಮ್ ಒಂಬೊದಲ್ಲಿ ಹಗ್ಗ ಬಿಗಿಯುವ ಮೊದಲೇ ಅವಳು ಬಾಗಿಲಿನಲ್ಲಿದ್ದಳು. ಹಲಗೆ ಹಾಕಿದ ಕೂಡಲೇ ದಾಟಿದಳು. ಪಕ್ಕದ ಹಡಗಿನ ಲಾಬಿಯಲ್ಲಿ ತಿರುಮಲೇಶ ಸಣ್ಣ ಮೇಜಿನ ಮುಂದೆ ಕೂತಿದ್ದ. ಎದುರಿಗೆ ಯಾರೋ ತಂದುಕೊಟ್ಟ ಬ್ರೆಡ್ಡು, ಹಣ್ಣು, ಟೀ. ಪದ್ಮಜಾಳನ್ನು ಕಂಡು ಅವನು ಎದ್ದು ನಿಂತ. ಪಕ್ಕದ ಕುರ್ಚಿಯನ್ನು ಹಿಂದಕ್ಕೆಳೆದ.

“ಕೂತ್ಕೊಳ್ಳಿ. ಹೊರಗೆ ಬಿಸಿಲು ಜಾಸ್ತಿ,” ಎಂದ.

“ರೀ, ನಡೀರಿ. ನಮ್ಮ ಹಡಗು ಆ ಕಡೆ.”

ಅವನು ಸಂಕೋಚದಿಂದ ನಕ್ಕ. “ನಾನು ಬರೋ ಹಾಗಿಲ್ಲ. ನಮ್ಮನೆಯವರು ಬರೋವರೆಗೂ ಏಳಬೇಡಿ ಅಂದಿದಾರೆ. ಅವರಿಗೆ ಗಾಬರಿಯಾಗುತ್ತೆ.”

ಆ ಹಡಗಿನ ಆಫೀಸರು ಒಂದು ಹೆಜ್ಜೆ ಮುಂದೆ ಬಂದ. ನೀವು ಅವರಿಗೆ ಏನಾಗಬೇಕು ಎಂದು ಕೇಳಿದ. ಹೆಂಡತಿ ಎಂದಾಗ ಅವನು ತಿರುಮಲೇಶನ ಮುಖ ನೋಡಿದ, ಅವಳ ಮುಖ ನೋಡಿದ, ಪಾಸ್‌ಪೋರ್ಟು ಕೇಳಿದ. ಪದ್ಮಜಾ ಸೊಂಟದ ಚೀಲದಿಂದ ಎರಡೂ ಪಾಸ್‌ಪೋರ್ಟು ತೆಗೆದುಕೊಟ್ಟು ಕುರ್ಚಿಯ ಮೇಲೆ ಕೂತಳು.

ಫೋನು ಹೊಡೆದುಕೊಂಡಿತು. ತನ್ವಿ, ವಿಡಿಯೋ ಕಾಲ್. ಓಕ್ಲ್ಯಾಂಡಿನಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಡ್ಯೂಟಿಗೆ ಹೊರಟು ನಿಂತಿದ್ದಳು.

“ಅಮ್ಮ, ವಾಟ್ ಹ್ಯಾಪನ್ಡ್? ರಮಾ ಆಂಟಿ ಏನೇನೋ ಮೆಸೇಜ್ ಮಾಡಿದಾರೆ. ಅಪ್ಪ ಓಕೆನಾ?”

ಏನಿಲ್ಲ ಕಣೆ, ಸ್ವಲ್ಪ ಸುಸ್ತು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಎರಡು ವರ್ಷ ಅದೇ ಬರುತ್ತಿತ್ತು. ಪದ್ಮಜಾ ಅದನ್ನು ನುಂಗಿದಳು.

“ನಾನು ಹೇಳಲ್ಲ. ನೀನೇ ನೋಡು,” ಎಂದು ಫೋನನ್ನು ಗಂಡನ ಕಡೆ ತಿರುಗಿಸಿ ಹಿಡಿದಳು.

ತಿರುಮಲೇಶನ ಮುಖ ಅರಳಿತು. “ತನ್ವೀ, ಸ್ಕೂಲಿಂದ ಬಂದ್ಯಾ?”

ಆಮೇಲೆ ಡಾಕ್ಟರ್ ತನ್ವಿ ಮಾತಾಡಿದಳು, ನಿಧಾನವಾಗಿ, ರೋಗಿಯನ್ನು ಕೇಳುವ ದನಿಯಲ್ಲಿ. “ಅಪ್ಪ, ನಿಮ್ಮ ಪಕ್ಕದಲ್ಲಿ ಕೂತಿರೋರು ಯಾರು?”

ಅವನು ಪದ್ಮಜಾ ಕಡೆ ತಿರುಗಿದ. ಬಹಳ ಹೊತ್ತು ನೋಡಿದ.

“ಗೊತ್ತಿಲ್ಲ ಪುಟ್ಟಿ. ಯಾರೋ, ಪಾಪ. ಬೆಳಗಿಂದ ಏನೂ ತಿಂದಿಲ್ಲ ಅಂತ ಕಾಣುತ್ತೆ,” ಎಂದು ತನ್ನ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದ.

ಪದ್ಮಜಾ ಫೋನು ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ.