ಸೊನ್ನೆ ಜಗಳದ ಊರು

ಊರಿನಲ್ಲಿ ಜಗಳಗಳೇ ನಿಂತುಹೋಗಿವೆ ಎಂದು ಕೇಳಿದವರೆಲ್ಲ ಹಿಗ್ಗಿದರು. ಊರವರು ಗೌರವದಿಂದ ‘ಆಲಿಂಗ್’ ಎಂದು ಕರೆಯುವ ಸಾನಿಂಗ್ ಮಾತ್ರ ಹುಬ್ಬು ಗಂಟಿಕ್ಕಿದಳು. ತಾಬಿಂಗ್‌ಬಕಾವ್‌ನ ಜನರನ್ನು ಹುಟ್ಟಿದಾಗಿನಿಂದ ನೋಡಿದವಳು ಅವಳು. ಬಲೆ ಹರಿದರೆ ಜಗಳ, ಹುಂಜ ಬೇಲಿ ಹಾರಿದರೆ ಜಗಳ, ಪಕ್ಕದ ಮನೆಯವನು ಮೈಕು ಹಿಡಿದು ಅಪಸ್ವರದಲ್ಲಿ ಹಾಡಿದರೂ ಜಗಳ. ಇಂಥವರು ಒಂದೇ ವರ್ಷದಲ್ಲಿ ದೇವದೂತರಾಗಿಬಿಟ್ಟರೇ?

ಚರ್ಚಿನ ಎದುರು ಬೆಳಗಿನ ಹೊತ್ತು ಬಿಸಿ ಬಿಬಿಂಗ್ಕ ಮಾರುವುದು ಅವಳ ಕಸುಬು. ಕೆಳಗೂ ಕೆಂಡ, ಮೇಲೂ ಕೆಂಡ, ನಡುವೆ ಬಾಳೆಲೆಯಲ್ಲಿ ಬೇಯುವ ಅಕ್ಕಿಹಿಟ್ಟು. ಅವಳ ಇನ್ನೊಂದು ಕೆಲಸಕ್ಕೆ ಸಂಬಳವಿಲ್ಲ: ಊರಿನ ಪಂಚಾಯ್ತಿಯಂತಿರುವ ಬರಾಂಗೇ ಕಚೇರಿಯ ಪಂಚರಲ್ಲಿ ಅವಳೂ ಒಬ್ಬಳು. ನೆರೆಹೊರೆಯವರು ಕಿತ್ತಾಡಿದರೆ ಮೊದಲು ಪಂಚರ ಮುಂದೆ ಕೂರಬೇಕು. ರಾಜಿಯಾದರೆ ಸರಿ. ಆಗದಿದ್ದರೆ ಪಂಚರು ‘ರಾಜಿಯಾಗಲಿಲ್ಲ’ ಎಂದು ಚೀಟಿ ಕೊಡುತ್ತಾರೆ. ಆ ಚೀಟಿ ಕೈಯಲ್ಲಿಲ್ಲದವರನ್ನು ಪಟ್ಟಣದ ಕೋರ್ಟು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಈಚೆಗೆ ಪಂಚರಿಗೆ ಕರೆಯೇ ಬರುತ್ತಿರಲಿಲ್ಲ. ಕಚೇರಿಯ ಕಂಪ್ಯೂಟರಿನ ಪರದೆ ಮಾತ್ರ ಹಚ್ಚಹಸಿರಾಗಿ ಹೊಳೆಯುತ್ತಿತ್ತು.

ಆ ಹಸಿರು ಬಂದದ್ದು ವರ್ಷದ ಆರಂಭದಲ್ಲಿ. ಪ್ರತಿ ಬರಾಂಗೇಯೂ ಅಳೆಯಬಹುದಾದ ಗುರಿಯನ್ನೇ ಇಟ್ಟುಕೊಳ್ಳಬೇಕು, ಬರೆಯಲು ಸಾಫ್ಟ್‌ವೇರ್ ನೆರವಾಗುತ್ತದೆ ಎಂದು ಮೇಲಿನಿಂದ ಆಜ್ಞೆಯಾಯಿತು. ಪಂಚರೆಲ್ಲ ಸುತ್ತ ನಿಂತರು. ಕಚೇರಿಯ ಕಾರ್ಯದರ್ಶಿ ರಿಜಲಿನ್ ಕೀಲಿಮಣೆಯ ಮುಂದೆ ಕೂತಳು.

“ಊರು ನೆಮ್ಮದಿಯಾಗಿರ್ಬೇಕು ಅಂತ ಬರಿ,” ಎಂದಳು ಸಾನಿಂಗ್.

ಪರದೆ ಕೆಂಪಾಯಿತು: ಈ ಗುರಿಯನ್ನು ಅಳೆಯಲಾಗದು.

“ನೆಮ್ಮದೀನ ಅಳೆಯೋಕಾಗಲ್ವಂತೆ ಆಲಿಂಗ್ ಸಾನಿಂಗ್,” ಎಂದು ಬರಾಂಗೇ ಮುಖ್ಯಸ್ಥ ಕ್ಯಾಪ್ಟನ್ ಎಲ್ಪಿಡಿಯೋ ನಕ್ಕ. “ಸೇರಲ್ಲಿ ಹೇಳ್ತೀರೋ, ಮೊಳದಲ್ಲೋ?”

ಆಗ ಯಂತ್ರವೇ ಒಂದು ಸಾಲು ಸೂಚಿಸಿತು: ದಾಖಲಾದ ದೂರುಗಳಲ್ಲಿ ನೂರಕ್ಕೆ ನೂರು ರಾಜಿ, ಕೋರ್ಟಿಗೆ ಹೋದವು ಸೊನ್ನೆ. ಪರದೆ ಹಸಿರಾಯಿತು. ಎಲ್ಲರೂ ಕೈ ಎತ್ತಿದರು, ಸಾನಿಂಗ್ ಕೂಡ. ರಾಜಿ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಬಡವರ ವಿಷಯದಲ್ಲಿ ಯಾರಾದರೂ ನೂರಕ್ಕೆ ನೂರು ಎಂದರೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳಬೇಕು. ಅವತ್ತು ಯಾರೂ ಮುಟ್ಟಿ ನೋಡಲಿಲ್ಲ.

ಮಳೆಗಾಲದ ನಡುವೆ ಒಂದು ಬೆಳಿಗ್ಗೆ ಡೆಲ್ಫಾ ಸಪ್ಪೆ ಮುಖ ಹಾಕಿಕೊಂಡು ಒಲೆಯ ಹತ್ತಿರ ಬಂದಳು. ಗಂಡನಿಲ್ಲದ ಹೆಂಗಸು, ಗಂಜಿ ಅಂಗಡಿಯಿಂದಲೇ ಹೊಟ್ಟೆ ಹೊರೆಯುವವಳು.

“ಏನೇ, ಅಂಗಡಿ ಯಾಕೆ ಮುಚ್ಚಿದೀಯ?”

“ಯಾರು ಬರ್ತಾರೆ ಹೇಳಿ? ಪಕ್ಕದ ಮನೆ ಮಾಂಗ್ ಅಂಬೊ ಹಂದಿ ಕೊಟ್ಟಿಗೆ ಮೋರೀನ ನನ್ನ ಹಿತ್ತಲಿಗೇ ತಿರುಗ್ಸಿದಾನೆ. ಗಂಜಿ ಕುಡಿಯೋರು ಚಮಚ ಹಿಡೀಬೇಕೋ ಮೂಗು ಹಿಡೀಬೇಕೋ?”

“ದೂರು ಕೊಡೋಕೇನಾಗಿತ್ತು?”

“ಕೊಟ್ಟೆನಲ್ಲ! ಮಳೆ ಶುರುವಾಗೋ ಮುಂಚೇನೇ ಕೊಟ್ಟೆ. ಮೊನ್ನೇನೂ ಹೋಗಿದ್ದೆ. ರಿಜಲಿನ್ ಕೂರಿಸಿ ಕಾಫಿ ಕೊಡ್ತಾಳೆ. ‘ಇಬ್ರೂ ಮಾತಾಡ್ಕೊಂಡು ಬನ್ನಿ ಅಕ್ಕಾ, ಆಮೇಲೆ ಬರ್ಕೋತೀನಿ’ ಅಂತಾಳೆ.”

ಕಾಫಿ ಎಂದ ಕೂಡಲೇ ಸಾನಿಂಗ್‌ಗೆ ಲಂಚದ ವಾಸನೆ ಹತ್ತಿತು. ಆ ಕಚೇರಿಯಲ್ಲಿ ದೂರು ತಂದವರಿಗೆ ನೀರು ಕೊಟ್ಟದ್ದನ್ನೂ ಅವಳು ಕಂಡಿರಲಿಲ್ಲ. ಅಂಬೊನ ಮಗನಿಗೆ ಬಾಪ್ತಿಸ್ಮದಲ್ಲಿ ಜ್ಞಾನತಂದೆಯಾಗಿ ನಿಂತವನು ಇದೇ ಕ್ಯಾಪ್ಟನ್. ಅವಳು ನೆಟ್ಟಗೆ ಅಂಬೊನ ಕೊಟ್ಟಿಗೆಗೆ ನಡೆದಳು.

“ಕ್ಯಾಪ್ಟನ್ ಮನೆಗೆ ಯಾವ ತೊಡೆ ಕಳಿಸ್ದೆ ಅಂಬೊ? ಮುಂದಿಂದೋ, ಹಿಂದಿಂದೋ?”

“ಬಾಯಿಗೆ ಬಂದಂಗೆ ಮಾತಾಡ್ಬೇಡ!” ಅವನು ಹಂದಿಗಳಿಗಿಂತ ಜೋರಾಗಿ ಕಿರುಚಿದ. “ನನ್ನನ್ನ ಕಚೇರಿಗೆ ಯಾರು ಕರೆದ್ರು? ಕರೆದಿದ್ರೆ ಬಂದು ‘ಮೋರಿ ತಿರುಗ್ಸಲ್ಲ, ಏನ್ಮಾಡ್ಕೋತೀರೋ ಮಾಡ್ಕೊಳ್ಳಿ’ ಅಂತ ಮುಖದ ಮೇಲೇ ಹೇಳ್ತಿದ್ದೆ.”

ಅವನು ಒರಟ, ಆದರೆ ಸುಳ್ಳು ಹೇಳುತ್ತಿರಲಿಲ್ಲ. ಸಾನಿಂಗ್‌ಗೆ ಅದೇ ಹೆಚ್ಚು ಕಿರಿಕಿರಿಯಾಯಿತು. ಲಂಚವಾದರೆ ಕೊಟ್ಟವನಿರುತ್ತಾನೆ, ತಿಂದವನಿರುತ್ತಾನೆ, ಕೊರಳಪಟ್ಟಿ ಹಿಡಿಯಬಹುದು. ಯಾರೂ ಏನೂ ತಿನ್ನದೆ ನ್ಯಾಯ ಮಾಯವಾಗುವುದು ಹೇಗೆ?

ಅಲ್ಲಿಂದ ಅವಳು ಕಚೇರಿಗೆ ಹೋಗಿ ರಿಜಲಿನ್‌ಳನ್ನೇ ಕೇಳಿದಳು. ರಿಜಲಿನ್ ಅವಳ ಜ್ಞಾನಪುತ್ರಿ. ಕಚೇರಿಯಲ್ಲೂ ಅವಳು ಸಾನಿಂಗ್‌ಳನ್ನು ‘ನಿನಾಂಗ್’, ಅಂದರೆ ಜ್ಞಾನತಾಯಿ, ಎಂದೇ ಕರೆಯುತ್ತಿದ್ದಳು.

“ನಿನಾಂಗ್, ಮೊದಲೇ ಬರ್ಕೊಂಡು ಆಮೇಲೆ ರಾಜಿ ಆಗ್ಲಿಲ್ಲ ಅಂದ್ರೆ ಸೊನ್ನೆ ಹೋಗತ್ತೆ, ಪರದೆ ಕೆಂಪಾಗತ್ತೆ. ರಾಜಿ ಆದ ದಿನಾನೇ ಬರ್ಕೊಂಡ್ರೆ ಎಲ್ರಿಗೂ ಒಳ್ಳೇದು.”

“ಎಲ್ರಿಗೂ ಅಂದ್ರೆ? ಡೆಲ್ಫಾಗೂನಾ?”

ಹುಡುಗಿ ತಲೆ ತಗ್ಗಿಸಿದಳು. “ಕೆಂಪಾದ್ರೆ ನನ್ನ ಕೆಲಸ ಮುಂದುವರ್ಸಲ್ಲ ನಿನಾಂಗ್.”

ಮಾತು ಕೇಳಿ ಕ್ಯಾಪ್ಟನ್ ಒಳಗಿನಿಂದ ಬಂದ. “ಪಟ್ಟಣದಲ್ಲಿ ನಮ್ಮನ್ನ ಮಾದರಿ ಊರು ಅಂತಿದಾರೆ. ನೀವೂ ಕೈ ಎತ್ತಿದ್ರಿ, ಮರೀಬೇಡಿ.”

“ಎತ್ತಿದ್ದೆ. ಜಗಳ ಬಿಡಿಸ್ತೀರಿ ಅಂತ ಎತ್ತಿದ್ದೆ, ಬಚ್ಚಿಡ್ತೀರಿ ಅಂತ ಅಲ್ಲ. ಬರ್ಕೊಳೇ ರಿಜಲಿನ್. ಇಲ್ದಿದ್ರೆ ಭಾನುವಾರ ಚರ್ಚಿನ ಮುಂದೆ ಬಿಬಿಂಗ್ಕ ಜೊತೆ ಈ ಕತೇನೂ ಬಿಸಿಬಿಸಿ ಮಾರ್ತೀನಿ.”

ದೂರು ದಾಖಲಾಯಿತು. ಪಂಚರು ಕೂತರು, ಸಾನಿಂಗ್ ಮುಖ್ಯಸ್ಥೆ. ಅಂಬೊ ಬಂದು, ಹೇಳಿದಂತೆಯೇ, ಮುಖದ ಮೇಲೆ ಹೇಳಿದ. ಮತ್ತೊಂದು ದಿನ ಕೂತರು, ಮತ್ತದೇ ಮಾತು. ಮೂರನೆಯ ಸಲ ಕ್ಯಾಪ್ಟನ್ ಮುದ್ರಿಸಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟ: ಇಬ್ಬರೂ ತಾತ್ವಿಕವಾಗಿ ಒಪ್ಪಿದ್ದಾರೆ, ಜಾರಿ ಮುಂದೆ. ಹೀಗೆಂದು ಗುರುತು ಹಾಕಲು ಸಾಫ್ಟ್‌ವೇರಿನಲ್ಲಿ ಜಾಗವಿತ್ತು, ಅದೂ ಹಸಿರೇ.

ಡೆಲ್ಫಾ ಪೆನ್ನು ಎತ್ತಿಕೊಂಡಳು. “ಸಾಕಾಯ್ತು. ಹಾಕ್ಬಿಡ್ತೀನಿ.”

ಹಾಕಿದ್ದರೆ ಮುಗಿಯುತ್ತಿತ್ತು. ರಾಜಿಗೆ ಸಹಿ ಹಾಕಿದವಳಿಗೆ ಕೋರ್ಟಿಲ್ಲ. ಮೋರಿ ಇರುತ್ತದೆ, ಅಂಗಡಿ ಇರುವುದಿಲ್ಲ. ಸಹಿ ಬೀಳದಿದ್ದರೆ ಜ್ಞಾನಪುತ್ರಿಯ ಕೆಲಸಕ್ಕೆ ಕುತ್ತು. ಸಾನಿಂಗ್ ರಿಜಲಿನ್ ಕಡೆ ನೋಡಲಿಲ್ಲ. ನೋಡಿದ್ದರೆ ಅವಳ ಬಾಯಿ ಕಟ್ಟಿಹೋಗುತ್ತಿತ್ತು.

“ಪೆನ್ನು ಕೆಳಗಿಡೇ. ಅಂಬೊ, ಮೋರಿ ತಿರುಗಿಸ್ತೀಯಾ?”

“ಇಲ್ಲ.”

“ಡೆಲ್ಫಾ, ಹಂಗೇ ಇರ್ಲಿ ಅಂತೀಯಾ?”

“ಇಲ್ಲ.”

“ಎರಡು ‘ಇಲ್ಲ’ ಸೇರಿ ಒಂದು ‘ಹೌದು’ ಆಗಲ್ಲ ಕ್ಯಾಪ್ಟನ್. ನಿಮ್ಮ ಮಷಿನ್ನಿಗೆ ಹೇಳಿ.”

ಪಕ್ಕದ ಪಂಚನ ಕೈಯಲ್ಲಿ ‘ರಾಜಿಯಾಗಲಿಲ್ಲ’ ಎಂದು ಬರೆಸಿ ಅಡಿಯಲ್ಲಿ ತನ್ನ ಹೆಸರು ಗೀಚಿದಳು. ರಿಜಲಿನ್ ಕೀಲಿ ಒತ್ತಿದಳು, ಪರದೆ ಕೆಂಪಾಯಿತು. ಅವಳು ತಲೆ ಎತ್ತಲಿಲ್ಲ, ‘ನಿನಾಂಗ್’ ಎನ್ನಲೂ ಇಲ್ಲ.

“ಮುಂದಿನ ಸಲ ಪಂಚರನ್ನ ಆರಿಸೋನೂ ನಾನೇ,” ಎಂದ ಕ್ಯಾಪ್ಟನ್.

“ಆರಿಸ್ಕೊಳ್ಳಿ. ನನ್ನ ಕೈಬಿಟ್ಟಿದ್ದಕ್ಕೆ ಎಷ್ಟು ಅಂಕ ಕೊಡತ್ತೆ ಅಂತ ಆ ಮಷಿನ್ನನ್ನೇ ಕೇಳಿ. ರಿಜಲಿನ್ ತಂಟೆಗೆ ಹೋದ್ರೆ ಮಾತ್ರ ಚರ್ಚಿನ ಮುಂದೆ ಸಿಗ್ತೀನಿ.”

ಮರುದಿನ ಡೆಲ್ಫಾ ಚೀಟಿಯನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ಪಟ್ಟಣದ ಜೀಪ್ನಿ ಬಂಡಿ ಹತ್ತಿದಳು. ಇಂಜಿನ್ ಗುಡುಗುತ್ತಿದ್ದಾಗ ಕಿಟಕಿಯಿಂದ ಬಗ್ಗಿ ಕೇಳಿದಳು:

“ಗೆಲ್ತೀನಾ ಆಲಿಂಗ್ ಸಾನಿಂಗ್?”

“ನಂಗೇನು ಗೊತ್ತು? ಅಲ್ಲಿನ ಗುಮಾಸ್ತರಿಗೆ ಈ ವರ್ಷ ಯಾವ ಗುರಿ ಕೊಟ್ಟಿದಾರೋ! ಮೊದಲು ಅದನ್ನ ಕೇಳ್ಕೊ. ಕಾಫಿ ಕೊಟ್ರೆ ಕುಡೀಬೇಡ.”